ಹಿತ್ತಲ ರೈಲು ನಿಂತರೆ: ಮಳೆ ನಕ್ಷತ್ರವಾರು ದುರಸ್ತಿ ಕೈಪಿಡಿ

ಮಾದರಿ: ತಾಳಗುಪ್ಪ ಬ್ರಾಂಚ್, ಹಿತ್ತಲ ಆವೃತ್ತಿ. ಅಳತೆ: 1:22.5. ಹಳಿಗಳ ನಡುವಿನ ಅಂತರ: 45 ಮಿ.ಮೀ.

ಈ ಕೈಪಿಡಿಯನ್ನು ತೇವವಿಲ್ಲದ ಜಾಗದಲ್ಲಿ ಇಡಿ. ಮಲೆನಾಡಿನ ಮಳೆಗಾಲದಲ್ಲಿ ಅಂಥ ಜಾಗ ಸಿಗದಿದ್ದರೆ ಈಗಲೇ ಬಾಯಿಪಾಠ ಮಾಡಿಕೊಳ್ಳಿ.

1. ಪರಿಚಯ

ಮಾಲೀಕರೇ, ಆಟದ ರೈಲನ್ನು ಮನೆಯಿಂದ ಆಚೆ ತಂದ ನಿಮ್ಮ ಧೈರ್ಯಕ್ಕೆ ಅಭಿನಂದನೆ. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೆಹ್‌ಮನ್ ಕಂಪನಿ 'ಎಲ್‌ಜಿಬಿ' ಎಂಬ ಹೆಸರಿನಲ್ಲಿ ಈ ಗಾತ್ರದ ರೈಲನ್ನು ಮಾರುಕಟ್ಟೆಗೆ ತಂದಿತು. ತೋಟದಲ್ಲಿ, ಮಳೆಯಲ್ಲಿ, ಹಿಮದಲ್ಲಿ ಓಡಬಲ್ಲ ರೈಲು ಎಂಬುದೇ ಅದರ ಹೆಚ್ಚುಗಾರಿಕೆ. ಹಳಿ ಹಿತ್ತಾಳೆಯದು, ಸ್ಲೀಪರ್ ಬಿಸಿಲಿಗೆ ಬೇಗ ಮಣಿಯದ ಪ್ಲಾಸ್ಟಿಕ್ಕಿನದು. ಹಿಮ ಗುಡಿಸುವ ಗಾಡಿಯೂ ಪ್ರತ್ಯೇಕವಾಗಿ ಸಿಗುತ್ತದೆ. ಅಡಿಕೆ ಹಾಳೆ ಎತ್ತುವ ಗಾಡಿ ಸಿಗುವುದಿಲ್ಲ.

45 ಮಿ.ಮೀ.ಯನ್ನು 22.5ರಿಂದ ಗುಣಿಸಿ ನೋಡಿ. ಒಂದು ಮೀಟರಿಗಿಂತ ಕೂದಲೆಳೆ ಹೆಚ್ಚು ಬರುತ್ತದೆ. ಅಂದರೆ ನಿಮ್ಮ ಹಿತ್ತಲಲ್ಲಿರುವುದು ಲೆಕ್ಕ ತಪ್ಪದ ಮೀಟರ್ ಗೇಜು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ಬರುವ ಮೊದಲು ರೈಲ್‌ಬಸ್ಸು ಓಡಾಡುತ್ತಿದ್ದ ಗೇಜು. ಹಾಗಾಗಿ ಈ ಮಾದರಿಯಲ್ಲಿ ಬಚ್ಚಲುಮನೆಯ ಪಕ್ಕ ಶಿವಮೊಗ್ಗ, ಕರಿಬೇವಿನ ಬುಡದಲ್ಲಿ ಕುಂಸಿ, ನಲ್ಲಿಕಟ್ಟೆಯ ಬಳಿ ಅರಸಾಳು, ಅದರಾಚೆ ಆನಂದಪುರ ಮತ್ತು ಸಾಗರ, ಕೊಟ್ಟಿಗೆಯ ಗೋಡೆಗೆ ತಾಗಿ ತಾಳಗುಪ್ಪ ಎಂದು ನಿಲ್ದಾಣಗಳನ್ನು ನಿಗದಿಪಡಿಸಲಾಗಿದೆ. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಬಳಸಿಕೊಂಡ ನಿಲ್ದಾಣ ಅರಸಾಳು. ಅದನ್ನು ನಲ್ಲಿಕಟ್ಟೆಯ ಬಳಿ ಇಟ್ಟದ್ದಕ್ಕೆ ಯಾರಾದರೂ ಆಕ್ಷೇಪ ಎತ್ತಿದರೆ, ನೋಡಲು ಜನ ಸೇರುವ ಜಾಗ ಅದೊಂದೇ ಎಂದು ಉತ್ತರಿಸಿ.

2. ಮೂಲ ತತ್ವ: ಮಳೆಗೆ ಅಳತೆಯಿಲ್ಲ

ಮುಂದಿನ ಎಲ್ಲ ತೊಂದರೆಗಳಿಗೂ ಕಾರಣ ಒಂದೇ. ಎಂಜಿನ್ನು, ಬೋಗಿ, ನಿಲ್ದಾಣ, ಸ್ಟೇಷನ್ ಮಾಸ್ತರು ಎಲ್ಲರನ್ನೂ 22.5 ಪಟ್ಟು ಕುಗ್ಗಿಸಿದ್ದಾರೆ. ಹವಾಮಾನವನ್ನು ಮಾತ್ರ ಕುಗ್ಗಿಸಿಲ್ಲ.

ನಾಲ್ಕು ಮಿ.ಮೀ. ದಪ್ಪದ ಒಂದು ಮಳೆಹನಿ ನಿಮ್ಮ ಸ್ಟೇಷನ್ ಮಾಸ್ತರರ ಪಾಲಿಗೆ ಒಂಬತ್ತು ಸೆಂ.ಮೀ. ಅಗಲದ ನೀರುಂಡೆ. ಆಕಾಶದಿಂದ ಮೋಸಂಬಿ ಸುರಿದಂತೆ. ದಿನಕ್ಕೆ 100 ಮಿ.ಮೀ. ಮಳೆ ಮಲೆನಾಡಿನಲ್ಲಿ ಯಾರೂ ಮಾತಿಗೆ ತೆಗೆದುಕೊಳ್ಳದ ಸಂಗತಿ. ಅಳತೆಗೆ ಹಿಗ್ಗಿಸಿದರೆ ಅದು ಎರಡೂಕಾಲು ಮೀಟರ್ ನೀರು. ಹನ್ನೆರಡು ಮೀಟರ್ ಎತ್ತರದ ಅಡಿಕೆ ಮರ 270 ಮೀಟರ್ ಆಗುತ್ತದೆ. ಜೋಗದ ಎತ್ತರ 253 ಮೀಟರ್. ಆದ್ದರಿಂದ ಒಂದು ಹಾಳೆ ಕಳಚಿ ಬಿದ್ದಾಗ ಆನಂದಪುರ ನಿಲ್ದಾಣದ ಮೇಲೆ ಬೀಳುವುದು ಜೋಗಕ್ಕಿಂತ ಎತ್ತರದಿಂದ ಧುಮುಕಿದ, ಬೋಗಿಗಿಂತ ಉದ್ದದ ವಸ್ತು ಎಂದು ತಿಳಿಯಿರಿ. ನಿಲ್ದಾಣದ ಹೆಂಚು ಹಾರಿದ್ದರೆ ತಯಾರಕರನ್ನು ದೂರಬೇಡಿ.

ತೂಕದ ಲೆಕ್ಕ ಇನ್ನೂ ಕಠೋರ. ಉದ್ದ 22.5 ಪಟ್ಟು ಕುಗ್ಗಿದರೆ ತೂಕ ಅದರ ಘನದಷ್ಟು, ಅಂದರೆ ಹನ್ನೊಂದು ಸಾವಿರ ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. 50 ಟನ್ನಿನ ಎಂಜಿನ್ನು ಸುಮಾರು 4.4 ಕಿಲೋಗೆ ಇಳಿಯುತ್ತದೆ. ದೊಡ್ಡ ರೈಲು ಮಾವಿನ ಎಲೆಯನ್ನು ಅರೆದು ಹೋಗುತ್ತದೆ, ನಿಮ್ಮದು ಅದರ ಮೇಲೆ ಹತ್ತಿ ಪಕ್ಕಕ್ಕೆ ಮಲಗುತ್ತದೆ.

3. ಎಚ್ಚರಿಕೆ

ಈ ಭಾಗದಲ್ಲಿ ತಮಾಷೆ ಇಲ್ಲ. ಹಳಿಯಲ್ಲಿ ಹರಿಯುವುದು ಹೆಚ್ಚೆಂದರೆ 24 ವೋಲ್ಟಿನ ಡಿಸಿ ಕರೆಂಟು. ಒದ್ದೆ ಕೈಯಲ್ಲಿ ಮುಟ್ಟಿದರೂ ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಅದನ್ನು ಕೊಡುವ ಟ್ರಾನ್ಸ್‌ಫಾರ್ಮರಿಗೆ ಬರುವುದು 230 ವೋಲ್ಟು. ಟ್ರಾನ್ಸ್‌ಫಾರ್ಮರು ಮನೆಯ ಒಳಗೇ ಇರಬೇಕು. ಹೊರಗೆ ಬರುವುದು ಅದರಿಂದಿಳಿದ ಎರಡು ತಂತಿ ಮಾತ್ರ. ಎಕ್ಸ್‌ಟೆನ್ಷನ್ ಬೋರ್ಡನ್ನು ಹಿತ್ತಲಿಗೆ ಎಳೆದು, ಮೇಲೊಂದು ಬಕೆಟ್ ಬೋರಲು ಹಾಕಿ, 'ಏನೂ ಆಗಲ್ಲ ಬಿಡಿ' ಎನ್ನುವ ಪದ್ಧತಿಯನ್ನು ಈ ಕೈಪಿಡಿ ಮಾನ್ಯ ಮಾಡುವುದಿಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತು, ಹಳಿಗೆ ಹೋಗುವ ತಂತಿಯನ್ನೂ ಬಿಡಿಸಿಡಿ. ತೋಟದ ತುಂಬ ಹಾಸಿದ ಹಿತ್ತಾಳೆ ಹಳಿಗೆ ಸಿಡಿಲಿನ ಪೆಟ್ಟು ತಾಗಿದರೆ ಅದು ತಂತಿ ಹಿಡಿದು ಮನೆಯೊಳಗೆ ಬರಬಹುದು.

4. ರೈಲು ನಿಂತ ತಕ್ಷಣ

ಮೊದಲು ಎಂಜಿನ್ನನ್ನು ಬಿಚ್ಚುವ ಆಸೆಯನ್ನು ಹತ್ತಿಕ್ಕಿ. ನಿಂತ ರೈಲುಗಳಲ್ಲಿ ಬಹುಪಾಲಿಗೆ ಎಂಜಿನ್ನಿನಲ್ಲಿ ಏನೂ ಆಗಿರುವುದಿಲ್ಲ. ಬಿಚ್ಚಿದ ಮೇಲೆ ಆಗಿರುತ್ತದೆ.

ಎಂಜಿನ್ನಿನ ಮುಂದಿನ ದೀಪ ನೋಡಿ. ಪೂರ್ತಿ ಉರಿಯುತ್ತಿದ್ದು ಚಕ್ರ ತಿರುಗದಿದ್ದರೆ ಏನೋ ಸಿಕ್ಕಿಕೊಂಡಿದೆ. ಉರಿಯುತ್ತಿದ್ದು ಚಕ್ರ ತಿರುಗಿಯೂ ಗಾಡಿ ಹೋಗದಿದ್ದರೆ ಹಳಿ ಜಾರುತ್ತಿದೆ. ಮಂಕಾಗಿದ್ದರೆ ವೋಲ್ಟೇಜು ದಾರಿಯಲ್ಲಿ ಕುಸಿಯುತ್ತಿದೆ. ಆರಿದ್ದರೆ ದಾರಿಯೇ ಕಡಿದಿದೆ, ಇಲ್ಲವೇ ಊರಿನಲ್ಲೇ ಕರೆಂಟು ಹೋಗಿದೆ. ಕೊನೆಯದನ್ನು ಮೊದಲು ವಿಚಾರಿಸಿಕೊಳ್ಳಿ.

ಮಂಕು ದೀಪಕ್ಕೆ ಮಲ್ಟಿಮೀಟರ್ ತನ್ನಿ. ಇಲ್ಲೊಂದು ಮೋಸ ಇದೆ. ರೈಲನ್ನು ಎತ್ತಿಟ್ಟು ಹಳಿಯನ್ನು ಅಳೆದರೆ ತಾಳಗುಪ್ಪದ ತುದಿಯಲ್ಲೂ ಪೂರ್ತಿ ವೋಲ್ಟೇಜು ತೋರಿಸುತ್ತದೆ, ನೀವು ನಂಬುತ್ತೀರಿ. ಕರೆಂಟು ಹರಿಯದಿದ್ದಾಗ ಕೆಟ್ಟ ಜೋಡಣೆಯೂ ಒಳ್ಳೆಯದರಂತೆಯೇ ಕಾಣುತ್ತದೆ. ರೈಲು ಹಳಿಯ ಮೇಲಿದ್ದು ಎಳೆಯುತ್ತಿರುವಾಗಲೇ ಅಳೆಯಬೇಕು. ಶಿವಮೊಗ್ಗದಲ್ಲಿ 18 ಇದ್ದು ತಾಳಗುಪ್ಪದಲ್ಲಿ 11 ಆಗಿದ್ದರೆ, ಏಳು ವೋಲ್ಟು ನಡುವೆ ಹಳಿ ಜೋಡಿಸುವ ಫಿಶ್‌ಪ್ಲೇಟುಗಳಲ್ಲಿ ಸೇರಿಹೋಗಿದೆ. ಪ್ರತಿ ಜೋಡಣೆಯ ಎರಡೂ ಬದಿ ಮುಳ್ಳು ಊರುತ್ತ ಹೋದರೆ ನುಂಗಿದವನು ಸಿಗುತ್ತಾನೆ. ಪರಿಹಾರ: ಜೋಡಣೆ ಬಿಚ್ಚಿ ಉಜ್ಜಿ, ಕರೆಂಟು ಹರಿಯಬಿಡುವ ಗ್ರಾಫೈಟ್ ಪೇಸ್ಟ್ ಹಚ್ಚಿ, ತಿರುಪು ಬಿಗಿಯುವ ಕ್ಲಾಂಪ್ ಹಾಕಿ. ಜತೆಗೆ ಟ್ರಾನ್ಸ್‌ಫಾರ್ಮರಿನಿಂದ ದಪ್ಪ ತಂತಿಯನ್ನು ಕುಂಸಿಗೂ ಸಾಗರಕ್ಕೂ ಪ್ರತ್ಯೇಕವಾಗಿ ಎಳೆಯಿರಿ. ದೂರದ ಊರಿನ ನಲ್ಲಿಯಲ್ಲಿ ನೀರು ಬರಬೇಕಾದರೆ ಪೈಪು ಬೇರೆ ಹಾಕಲೇಬೇಕು.

5. ಅಶ್ವಿನಿಯಿಂದ ರೋಹಿಣಿ: ಬಿಸಿಲು ಮತ್ತು ಸಿಡಿಲು

ಲಕ್ಷಣ: ಮಧ್ಯಾಹ್ನ ತಿರುವಿನಲ್ಲಿ ಹಳಿ ಹಾವಿನಂತೆ ಬಳುಕಿರುತ್ತದೆ. ಸಂಜೆಗೆ ನೆಟ್ಟಗಾಗಿ, ಯಾರಿಗೂ ತೋರಿಸಲು ಸಾಕ್ಷಿ ಉಳಿಯುವುದಿಲ್ಲ.

ಕಾರಣ: ಹಿತ್ತಾಳೆ ಕಾಯ್ದಾಗ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಬೆಳಗಿನ 20 ಡಿಗ್ರಿಯ ಹಳಿ ಮಧ್ಯಾಹ್ನದ ಬಿಸಿಲಿಗೆ 60 ಮುಟ್ಟಿತೆಂದರೆ, ಹತ್ತು ಮೀಟರ್ ಉದ್ದಕ್ಕೆ ಏಳೂವರೆ ಮಿ.ಮೀ. ಬೆಳೆಯುತ್ತದೆ. ಬೆಳೆದದ್ದು ಎಲ್ಲಿಗಾದರೂ ಹೋಗಬೇಕು. ನೀವು ಜಾಗ ಬಿಟ್ಟಿದ್ದರೆ ಅಲ್ಲಿಗೆ, ಬಿಡದಿದ್ದರೆ ಪಕ್ಕಕ್ಕೆ.

ಪರಿಹಾರ: ಹಳಿಯನ್ನು ಸಿಮೆಂಟಿನಲ್ಲಿ ಹೂಳಬೇಡಿ, ಹಲಗೆಗೆ ಬಿಗಿಯಾಗಿ ತಿರುಪು ಹಾಕಬೇಡಿ. ಸಣ್ಣ ಜಲ್ಲಿಯಲ್ಲಿ ಕೂರಿಸಿ, ಅಲುಗಾಡಲು ಬಿಡಿ. ಜೋಡಣೆಗಳಲ್ಲಿ ಬಿಡುವ ಸಂದನ್ನು ಹಳಿ ಹಾಕುವ ದಿನದ ಬಿಸಿಲು ನೋಡಿ ತೀರ್ಮಾನಿಸಿ. ಚಳಿಯ ಬೆಳಗ್ಗೆ ಹಾಕಿದರೆ ಸಂದು ಹೆಚ್ಚು ಬೇಕು, ಕಡು ಬೇಸಿಗೆಯ ಮಧ್ಯಾಹ್ನ ಹಾಕಿದರೆ ಕಡಿಮೆ. ಭಾರತೀಯ ರೈಲ್ವೆಯೂ ಉದ್ದಕ್ಕೆ ಬೆಸೆದ ಹಳಿಗಳನ್ನು ನಿಗದಿಪಡಿಸಿದ ಉಷ್ಣತೆಗೆ ಹೊಂದಿಸಿಯೇ ಬಿಗಿಯುತ್ತದೆ. ಬೇಸಿಗೆಯಲ್ಲಿ ಹಳಿ ಬಾಗಿದೆಯೇ ಎಂದು ನೋಡಿಕೊಂಡು ಬರಲು ಗ್ಯಾಂಗ್‌ಮನ್‌ಗಳನ್ನು ಬಿಸಿಲಲ್ಲೇ ನಡೆಸುತ್ತದೆ. ನಿಮ್ಮ ಬ್ರಾಂಚಿನಲ್ಲಿ ಗ್ಯಾಂಗ್‌ಮನ್ ಹುದ್ದೆಯೂ ನಿಮ್ಮದೇ.

ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಎನ್ನುತ್ತಾರೆ. ರೈಲ್ವೆಗೆ ಮಾತ್ರ ಅದು ಸಿಡಿಲಿನ ಕಾಲ. ಮೂರನೆಯ ಭಾಗವನ್ನು ಇನ್ನೊಮ್ಮೆ ಓದಿ.

ಹಪ್ಪಳ, ಸಂಡಿಗೆ ಒಣಗಿಸುವ ಕಾಲವೂ ಇದೇ. 'ರೀ, ಕುಂಸಿ ಹತ್ರ ಹಲಸಿನ ಹಪ್ಪಳ ಹರವಿದೀನಿ, ನಿಮ್ಮ ಗಾಡಿ ಆ ಕಡೆ ಬರಬಾರದು' ಎಂಬ ಆದೇಶ ಬಂದರೆ ಅದನ್ನು ಲೈನ್ ಬ್ಲಾಕ್ ಎಂದು ದಾಖಲಿಸಿ, ಸೇವೆಯನ್ನು ಶಿವಮೊಗ್ಗದಲ್ಲೇ ಮೊಟಕುಗೊಳಿಸಿ. ಮೇಲ್ಮನವಿಗೆ ಅವಕಾಶವಿಲ್ಲ.

6. ಮೃಗಶಿರಾ: ಮೊದಲ ಮಳೆ

ಲಕ್ಷಣ: ಹಿಂದಿನ ದಿನದವರೆಗೂ ಚೆನ್ನಾಗಿ ಓಡಿದ ರೈಲು ಮೊದಲ ಜೋರು ಮಳೆಯ ಮಾರನೆಯ ದಿನ ಹೆಜ್ಜೆಗೊಮ್ಮೆ ನಿಲ್ಲುತ್ತದೆ.

ಕಾರಣ: ಮಳೆಯ ನೀರು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ತಪ್ಪು. ಇಷ್ಟು ಕಡಿಮೆ ವೋಲ್ಟಿಗೆ ಮಳೆನೀರು ಶಾರ್ಟ್ ಮಾಡಿಸುವುದಿಲ್ಲ. ಸುರಿಯುವ ಮಳೆಯಲ್ಲೂ ಈ ರೈಲು ಓಡುತ್ತದೆ. ತೊಂದರೆ ಇರುವುದು ಹನಿ ನೆಲಕ್ಕೆ ಬಡಿದಾಗ ಸಿಡಿದು ಹಳಿಯ ತಲೆಗೆ ಅಂಟಿದ ಕೆಮ್ಮಣ್ಣಿನಲ್ಲಿ. ಹಳಿಯ ತಲೆಯೂ ಚಕ್ರವೂ ತಾಗುವ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಅಷ್ಟರಲ್ಲಿ ಮಣ್ಣಿನ ಪೊರೆ ಕೂತರೆ ಕರೆಂಟು ದಾಟುವುದಿಲ್ಲ. ತೇವ ಸೇರಿದ ಮೇಲೆ ಹಿತ್ತಾಳೆ ಕಂದುಗಟ್ಟುತ್ತದೆ, ಕೆಲವೆಡೆ ಕಿಲುಬು ಹಸಿರಾಗುತ್ತದೆ. ಅದೂ ಅಡ್ಡಗೋಡೆಯೇ.

ಪರಿಹಾರ: ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರನ್ನು ಉದ್ದ ಕೋಲಿನ ತುದಿಗೆ ಕಟ್ಟಿ, ನಿಂತುಕೊಂಡೇ ಉಜ್ಜುತ್ತ ಹೋಗಿ. ಬಗ್ಗಿ ಉಜ್ಜುವ ಉತ್ಸಾಹ ಅರಸಾಳಿನವರೆಗೆ ಇರುತ್ತದೆ. ಉಕ್ಕಿನ ನಾರನ್ನು ಮುಟ್ಟಲೇಬೇಡಿ. ಅದರ ಎಳೆಗಳು ಮುರಿದು ಹಳಿಯ ಮೇಲೆ ಉಳಿಯುತ್ತವೆ, ಮೋಟಾರಿನೊಳಗೆ ಅಯಸ್ಕಾಂತವಿದೆ, ಉಳಿದದ್ದನ್ನು ಊಹಿಸಿಕೊಳ್ಳಿ.

ಮನೆಯ ಹಿರಿಯರು ಹುಣಸೆಹಣ್ಣಿನ ಸಲಹೆ ಕೊಡುತ್ತಾರೆ. ದೇವರ ಪಾತ್ರೆಗೆ ನೂರಾರು ವರ್ಷ ನಡೆದ ವಿದ್ಯೆ ಅದು, ಹಳಿಯ ಕಿಲುಬನ್ನೂ ತೆಗೆಯುತ್ತದೆ. ಆದರೆ ದೇವರ ಪಾತ್ರೆಯನ್ನು ತಿಕ್ಕಿದ ಮೇಲೆ ತೊಳೆದು ಒರೆಸುತ್ತಾರೆ. ಹಳಿಯನ್ನು ಹಾಗೆ ಮಾಡದೆ ಬಿಟ್ಟರೆ ಉಳಿದ ಹುಳಿ ಮತ್ತೆ ಬೇಗನೆ ಕಪ್ಪಾಗಿಸುತ್ತದೆ, ಸಿಹಿಗೆ ಇರುವೆ ಸಾಲುಗಟ್ಟುತ್ತದೆ. ಜಲ್ಲಿಯ ಕೆಳಗೆ ಗೂಡು ಕಟ್ಟಿದ ಕೆಂಪಿರುವೆಗಳು ಗ್ಯಾಂಗ್‌ಮನ್‌ನ ಹೆಬ್ಬೆರಳನ್ನು ಮೊದಲು ಪರೀಕ್ಷಿಸುತ್ತವೆ.

7. ಆರಿದ್ರಾದಿಂದ ಪುಷ್ಯ: ಬಿಡದ ಮಳೆ

ಆರಿದ್ರೆ ಹೂಡಿದ ಮೇಲೆ ಮಳೆಗಾಲದ ವೇಳಾಪಟ್ಟಿ ಹೊರಡಿಸಿ. ಇದರಲ್ಲಿ ನಾಚಿಕೆಯೇನಿಲ್ಲ. ಕೊಂಕಣ ರೈಲ್ವೆ ಪ್ರತಿ ವರ್ಷ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಮಾಡಿ ರೈಲುಗಳ ವೇಗ ಇಳಿಸುತ್ತದೆ, ಹಗಲು-ರಾತ್ರಿ ಹಳಿ ಕಾಯಲು ಜನ ಇಡುತ್ತದೆ. ಹೊನ್ನಾವರದಲ್ಲಿ ಶರಾವತಿಯ ಸೇತುವೆಗೆ ಗಾಳಿಯ ವೇಗ ಅಳೆಯುವ ಯಂತ್ರ ಕೂರಿಸಿದ್ದಾರೆ. ಗಾಳಿ ಮಿತಿ ಮೀರಿದರೆ ರೈಲು ಕಾಯುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯ ಹಳಿ 2018ರ ಆಗಸ್ಟಿನ ಮಳೆಗೆ ಹಲವೆಡೆ ಗುಡ್ಡ ಕುಸಿದು ವಾರಗಟ್ಟಲೆ ಮುಚ್ಚಿತ್ತು. ಅವರಿಗೇ ಆಗದ್ದು ನಿಮಗೆ ಆಗಬೇಕೆಂಬ ಹಟ ಬೇಡ.

ಲಕ್ಷಣ: ಜಲ್ಲಿ ಮಾಯ, ಹಳಿ ಗಾಳಿಯಲ್ಲಿ ತೂಗುತ್ತಿದೆ.

ಕಾರಣ: ಮಾಡಿನ ನೀರು ಧಾರೆಯಾಗಿ ನೇರ ಹಳಿಯ ಮೇಲೆ ಬೀಳುತ್ತಿದೆ. ಮಾಡು ನಿಮ್ಮದು, ಹಳಿಯ ದಾರಿಯನ್ನು ಗುರುತು ಮಾಡಿದವರೂ ನೀವು.

ಪರಿಹಾರ: ಹಳಿಯನ್ನು ಸುತ್ತಲಿನ ನೆಲಕ್ಕಿಂತ ಗೇಣು ಎತ್ತರಕ್ಕೆ ಏರಿಸಿ. ಮೇಲ್ಬದಿಯಲ್ಲಿ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಉರುಟು ಕಲ್ಲು ಜಾರುತ್ತದೆ. ಒಡೆದ, ಮೂಲೆಗಳಿರುವ ಜಲ್ಲಿ ಒಂದನ್ನೊಂದು ಕಚ್ಚಿಕೊಂಡು ನಿಲ್ಲುತ್ತದೆ. ದೊಡ್ಡ ರೈಲ್ವೆ ಒಡೆದ ಜಲ್ಲಿಯನ್ನೇ ಹಾಕುವುದು ಇದಕ್ಕೇ. ಹಳಿ ಬದಲಿಸುವ ಪಾಯಿಂಟುಗಳ ಮೋಟಾರಿಗೂ ಸಿಗ್ನಲ್ ಕಂಬಗಳಿಗೂ ಅಡಿಕೆ ಕೊನೆಗೆ ಕಟ್ಟಿದ ಹಾಗೆ ಕೊಟ್ಟೆ ಕಟ್ಟಿ.

ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ಗಾಡಿಗಳನ್ನೆಲ್ಲ ಒಳಗೆ ತನ್ನಿ. ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ. ಮರದಿಂದ ತೊಟ್ಟಿಕ್ಕಿ ಒಣಗಿದ ಮೇಲೆ ಹಳಿಯ ಮೇಲೆ ನೀಲಿ-ಬಿಳಿ ಪೊರೆ ಉಳಿಯುತ್ತದೆ, ಕರೆಂಟು ಅದನ್ನು ದಾಟುವುದಿಲ್ಲ. ನೋಡಲು ಚೆನ್ನಾಗಿದೆ ಎಂದು ಬಿಡಬೇಡಿ, ಅದನ್ನೂ ಉಜ್ಜಿ ತೆಗೆಯಿರಿ.

ಎಂಜಿನ್ನು ಮಳೆಯಲ್ಲಿ ಓಡಬಹುದು, ಮಳೆಯಲ್ಲಿ ಮಲಗಬಾರದು. ಓಡುವಾಗ ಅದರ ಬಿಸಿಗೆ ತೇವ ಆರುತ್ತದೆ, ನಿಂತ ಮೇಲೆ ಒಳಗೇ ಉಳಿದು ತುಕ್ಕಾಗುತ್ತದೆ. ಒಳಗೆ ತಂದು ಒರೆಸಿ, ಗಾಳಿಯಾಡುವ ಕಡೆ ಇಡಿ. ಬಟ್ಟೆ ಒಣಗಿಸುವ ಬಚ್ಚಲೊಲೆಯ ಮೇಲೆ ಮಾತ್ರ ಬೇಡ: ಆವಿ ಎಂಜಿನ್ನಿಗೆ ಮಸಿ ಶೋಭೆ ನಿಜ, ಆದರೆ ಪ್ಲಾಸ್ಟಿಕ್ಕು ಬಾಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿಟ್ಟರೆ ಪುಷ್ಯದ ಹೊತ್ತಿಗೆ ಬೋಗಿಗಳ ಮೇಲೆ ಬೂಷ್ಟು ಬಂದು ಹಸಿರು ಬಣ್ಣದ ಹೊಸ ರೈಲು ಸಿಗುತ್ತದೆ.

8. ಆಶ್ಲೇಷಾದಿಂದ ಹುಬ್ಬಾ: ಬೀಳುವುದು, ಬೆಳೆಯುವುದು, ತೆವಳುವುದು

ಬೀಳುವುದು: ಹಾಳೆ, ಸೋಗೆ, ಸಂಪಿಗೆ ಎಲೆ, ಒಮ್ಮೊಮ್ಮೆ ತೆಂಗಿನಕಾಯಿ. ಒದ್ದೆ ಎಲೆ ಚಕ್ರದಡಿ ಅರೆದು ಜಾರುವ ಲೇಪವಾಗುತ್ತದೆ. ಬ್ರಿಟನ್ನಿನಲ್ಲಿ ಎಲೆ ಉದುರುವ ಕಾಲಕ್ಕೆ ದೊಡ್ಡ ರೈಲುಗಳೇ ಇದರಿಂದ ಜಾರುತ್ತವೆ. ನೀರಿನ ಧಾರೆಯಿಂದ ಹಳಿ ತೊಳೆಯುವ ರೈಲುಗಳನ್ನು ಅವರು ಪ್ರತ್ಯೇಕವಾಗಿ ಓಡಿಸುತ್ತಾರೆ. ದೊಡ್ಡ ಎಂಜಿನ್ನಿನಲ್ಲಿ ಹಿಡಿತಕ್ಕಾಗಿ ಚಕ್ರದಡಿ ಮರಳು ಉದುರಿಸುವ ಪೆಟ್ಟಿಗೆ ಇರುತ್ತದೆ. ನಿಮ್ಮ ಎಂಜಿನ್ನಿನ ಮೇಲಿರುವ ಅಂಥ ಪೆಟ್ಟಿಗೆ ಚೆಂದಕ್ಕೆ. ಅನುಕರಿಸಲು ಹೋಗಿ ಮರಳು ಹಾಕಿದರೆ ಕರೆಂಟೂ ಕಡಿಯುತ್ತದೆ, ಗೇರುಗಳೂ ಸವೆಯುತ್ತವೆ. ಪೊರಕೆ ಸಾಕು.

ಬೆಳೆಯುವುದು: ಗರಿಕೆ, ನಾಚಿಕೆ ಮುಳ್ಳು, ಹಾವಸೆ. ಸ್ಲೀಪರುಗಳ ನಡುವೆ ಎದ್ದ ಗರಿಕೆ ಚೌತಿಯ ಹೊತ್ತಿಗೆ ಹುಲುಸಾಗಿರುತ್ತದೆ. ಕೀಳುವ ಕೆಲಸಕ್ಕೆ ಮಕ್ಕಳನ್ನು ಹಚ್ಚಲು ಇದು ಸಕಾಲ, ಆದರೆ ಎಂಜಿನ್ನಿನ ಎಣ್ಣೆ ತೊಟ್ಟಿಕ್ಕಿದ ಕಡೆಯದನ್ನು ಗಣಪತಿಗೆ ಏರಿಸಬೇಡಿ. ನಾಚಿಕೆ ಮುಳ್ಳು ರೈಲು ಬಂದಾಗ ಎಲೆ ಮಡಚಿ ದಾರಿ ಬಿಡುವುದು ನಿಜ. ಅದನ್ನು ಸಿಗ್ನಲ್ ವ್ಯವಸ್ಥೆ ಎಂದು ಪರಿಗಣಿಸಬಾರದು. ಕಾಂಡ ಅಲ್ಲೇ ಇರುತ್ತದೆ.

ತೆವಳುವುದು: ಆಫ್ರಿಕದ ದೊಡ್ಡ ಬಸವನಹುಳು ತೋಟಕ್ಕೆ ಬಂದಿದ್ದರೆ ಹಳಿಗೂ ಬರುತ್ತದೆ. ಹತ್ತು ಸೆಂ.ಮೀ. ಚಿಪ್ಪು ಅಳತೆಗೆ ಎರಡೂಕಾಲು ಮೀಟರ್. ಅದು ನಿಂತಿದ್ದರೆ ಅಪಘಾತ, ಹೋಗಿಯಾಗಿದ್ದರೆ ಲೋಳೆ. ಲೋಳೆ ಜಾರಿಸುತ್ತದೆ, ಒಣಗಿದರೆ ಕರೆಂಟನ್ನೂ ತಡೆಯುತ್ತದೆ. ಸಹಸ್ರಪದಿಗಳು ಗುಂಪಾಗಿ ಹಳಿ ದಾಟುವುದು ಕಂಡರೆ ಕಾಯಿರಿ. ಜಪಾನಿನ ನಡುನಾಡಿನ ಬೆಟ್ಟಗಳಲ್ಲಿ ಎಂಟು ವರ್ಷಕ್ಕೊಮ್ಮೆ ಹಿಂಡುಹಿಂಡಾಗಿ ಹೊರಬರುವ ಒಂದು ಜಾತಿಯ ಸಹಸ್ರಪದಿಗಳು ನಿಜವಾದ ರೈಲುಗಳನ್ನೇ ನಿಲ್ಲಿಸಿ 'ರೈಲು ಸಹಸ್ರಪದಿ' ಎಂದು ಹೆಸರು ಪಡೆದಿವೆ.

9. ಹಸ್ತಾ, ಚಿತ್ತಾ: ಅರ್ಧ ದಿನ ಬಿಸಿಲು, ಅರ್ಧ ದಿನ ಮಳೆ

ಚಿತ್ತಾ ಮಳೆ ವಿಚಿತ್ರ ಮಳೆ. ದೋಷ ಹುಡುಕುವವರಿಗೆ ಇದಕ್ಕಿಂತ ಕೆಟ್ಟ ಕಾಲವಿಲ್ಲ. ಬೆಳಗಿನ ದೋಷ ಮಧ್ಯಾಹ್ನ ಇರುವುದಿಲ್ಲ. ಮಧ್ಯಾಹ್ನ ಕಂಡುಹಿಡಿದ ಪರಿಹಾರ ಸಂಜೆಗೆ ಅನ್ವಯಿಸುವುದಿಲ್ಲ. ಹಳಿ ಒದ್ದೆ-ಒಣಗು, ಬಿಸಿ-ತಂಪು ಎಂದು ದಿನಕ್ಕೆ ನಾಲ್ಕು ಬಾರಿ ಬದಲಾಗುತ್ತದೆ. ಸಡಿಲ ಫಿಶ್‌ಪ್ಲೇಟು ಪ್ರತಿ ಬಾರಿಯೂ ಒಂದಿಷ್ಟು ಸರಿಯುತ್ತದೆ.

ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಹಳಿ ಉಜ್ಜಿ, ಫಿಶ್‌ಪ್ಲೇಟು ಬಿಗಿದು, ಎಂಜಿನ್ನು ಬದಲಿಸಿ, ಆಮೇಲೆ ರೈಲು ಓಡಿದರೆ ಯಾವುದರಿಂದ ಓಡಿತೆಂದು ನಿಮಗೆಂದೂ ತಿಳಿಯದು. ಒಂದು ನೋಟ್‌ಬುಕ್ ಇಟ್ಟು ದಿನ, ಹೊತ್ತು, ಬಿಸಿಲೋ ಮಳೆಯೋ, ಎಲ್ಲಿ ನಿಂತಿತು, ದೀಪ ಹೇಗಿತ್ತು ಎಂದು ಬರೆಯಿರಿ. ಮೂರು ಸಾಲು ಒಂದೇ ಜಾಗವನ್ನು ತೋರಿಸಿದರೆ ಹುಡುಕಾಟ ಮುಗಿಯಿತು.

ಪಾಯಿಂಟಿನ ಮೇಲೆ ರೈಲು ಕೆಳಗಿಳಿದರೆ ಬಗ್ಗಿ ನೋಡಿ. ಸರಿಯುವ ಹಳಿಗೂ ನಿಂತ ಹಳಿಗೂ ನಡುವೆ ಒಂದು ಮರಳಿನ ಕಾಳು ಕೂತಿರುತ್ತದೆ. ಊದಿದರೆ ಹೋಗುತ್ತದೆ, ಬಲ ಹಾಕಿದರೆ ಪಾಯಿಂಟು ಹೋಗುತ್ತದೆ.

10. ಸ್ವಾತಿಯ ಆಚೆ: ಇಬ್ಬನಿ, ಚಳಿ, ಮಾವಿನ ಹೂವು

ಕೊನೆಗೌಡ ಅಡಿಕೆ ಕೊಯ್ಯಲು ಮರ ಹತ್ತಿದ ದಿನಗಳಂದು ಎಲ್ಲ ಸೇವೆ ರದ್ದು. ಉಳಿದ ದಿನಗಳ ಲಕ್ಷಣ ಇದು: ಧನುರ್ಮಾಸದ ಬೆಳಗ್ಗೆ ಏಳಕ್ಕೆ ರೈಲು ಸತ್ತಿರುತ್ತದೆ, ಹತ್ತಕ್ಕೆ ತಾನಾಗಿ ಏಳುತ್ತದೆ.

ಇದಕ್ಕೆ ಎರಡು ಕಾರಣಗಳಿವೆ, ಎರಡೂ ಒಂದೇ ವೇಷದಲ್ಲಿ ಬರುತ್ತವೆ. ಮೊದಲನೆಯದು, ಚಳಿಗೆ ಹಳಿ ಕುಗ್ಗಿ ಫಿಶ್‌ಪ್ಲೇಟಿನಿಂದ ಹೊರಗೆ ಸರಿದಿದೆ. ಬಿಸಿಲೇರಿದ ಮೇಲೆ ಹಿಗ್ಗಿ ಮತ್ತೆ ಮುಟ್ಟುತ್ತದೆ. ಎರಡನೆಯದು, ಯಾರೋ ಬೋಗಿಗಳ ಅಚ್ಚಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಳಗಿನ ಚಳಿಗೆ ಅಚ್ಚು ಹೆಪ್ಪುಗಟ್ಟಿ, ಹತ್ತರ ಬಿಸಿಲಿಗೆ ಕರಗುತ್ತದೆ.

ಬೇರ್ಪಡಿಸುವ ವಿಧಾನ: ಎಂಜಿನ್ನಿನ ಚಕ್ರವನ್ನು ಬೆರಳಿನಿಂದ ತಿರುಗಿಸಲು ಹೋಗಬೇಡಿ, ಗೇರಿನಿಂದಾಗಿ ಅದು ಯಾವಾಗಲೂ ತಿರುಗುವುದಿಲ್ಲ. ಬೋಗಿಯೊಂದನ್ನು ಎತ್ತಿ ಅದರ ಚಕ್ರ ತಿರುಗಿಸಿ. ಸರಾಗವಾಗಿ ತಿರುಗಿದರೆ ಹಳಿಯ ದೋಷ, ಬಿಗಿಯಾಗಿದ್ದರೆ ಎಣ್ಣೆಯ ದೋಷ. ಹಳಿಯಾದರೆ ಎರಡೂ ತುದಿಗೆ ಸಣ್ಣ ತಂತಿ ಬೆಸೆದು ಸೇತುವೆ ಕಟ್ಟಿ. ಹಳಿ ಎಷ್ಟೇ ಕುಗ್ಗಲಿ, ತಂತಿ ಕರೆಂಟು ದಾಟಿಸುತ್ತದೆ. ಎಣ್ಣೆಯಾದರೆ ಒರೆಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಿಡಿ. ಕೊಬ್ಬರಿ ಎಣ್ಣೆಯನ್ನು ತಲೆಗೆ ಮೀಸಲಿಡಿ.

ಇಬ್ಬನಿಯ ಬೆಳಗ್ಗೆ ಏರಿನಲ್ಲಿ ಚಕ್ರ ಜಾರಿದರೆ ಬಿಸಿಲು ಬರುವವರೆಗೆ ಕಾಫಿ ಕುಡಿಯಿರಿ. ಏರು ನೂರಕ್ಕೆ ಎರಡು-ಮೂರಕ್ಕಿಂತ ಹೆಚ್ಚಿದ್ದರೆ ಕಾಫಿಯಿಂದಲೂ ಪ್ರಯೋಜನವಿಲ್ಲ, ಏರನ್ನೇ ಇಳಿಸಬೇಕು.

ಮಾವು ಹೂಬಿಟ್ಟ ಮೇಲೆ ಮರದಡಿಯ ಹಳಿ ಅಂಟಂಟಾದರೆ ಗಾಬರಿಯಾಗಬೇಡಿ. ಹೂವಿನ ಜಿಗಿಹುಳು ರಸ ಹೀರಿ ಹೊರಹಾಕುವ ಸಿಹಿ ಅಂಟು ಅದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒರೆಸದಿದ್ದರೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಕೆಂಪಿರುವೆ ಮತ್ತೆ ಬರುತ್ತದೆ.

11. ಹವೆಯ ಮೇಲೆ ಹೊರಿಸಬಾರದ ದೋಷಗಳು

1991ರ ಫೆಬ್ರುವರಿಯ ಹಿಮಕ್ಕೆ ಬ್ರಿಟಿಷ್ ರೈಲಿನ ಗಾಡಿಗಳು ನಿಂತುಹೋದಾಗ, ಈ ಸಲದ ಹಿಮದ ಬಗೆಯಿಂದ ತೊಂದರೆಯಾಗಿದೆ ಎಂದು ಅಧಿಕಾರಿಯೊಬ್ಬರು ವಿವರಣೆ ಕೊಟ್ಟರು. ಪುಡಿಹಿಮ ಮೋಟಾರುಗಳ ಒಳಗೆ ಹೊಕ್ಕಿದ್ದು ನಿಜವೇ. ಆದರೂ ಪತ್ರಿಕೆಗಳು ಅದನ್ನು 'ಸರಿಯಿಲ್ಲದ ಹಿಮ' ಎಂದು ತಿರುಚಿ ನಕ್ಕವು. ಅಲ್ಲಿನ ಜನ ಕುಂಟುನೆಪಕ್ಕೆ ಇಂದಿಗೂ ಅದೇ ಮಾತು ಬಳಸುತ್ತಾರೆ. ನೀವೂ ಆ ಪಾಡಿಗೆ ಬರಬಾರದೆಂದರೆ ಕೆಳಗಿನವುಗಳಿಗೆ ಮಳೆಯನ್ನು ದೂರಬೇಡಿ.

ರೈಲು ಸುತ್ತು ಹಾಕಿ ಬಂದ ದಾರಿಗೇ ಸೇರುವ ಕಡೆ ಪ್ರತಿ ಸಲ ಶಾರ್ಟ್ ಆಗುವುದು: ಅಲ್ಲಿ ಎಡ ಹಳಿ ಬಲ ಹಳಿಯನ್ನು ಸೇರುತ್ತದೆ. ನಕ್ಷೆಯ ತಪ್ಪು. ಹಳಿಗೆ ಅಡ್ಡಬಿದ್ದ ಸೇಫ್ಟಿ ಪಿನ್ನು, ಚಾಕಲೇಟಿನ ಬೆಳ್ಳಿ ಕಾಗದ: ಮೊಮ್ಮಗನನ್ನು ವಿಚಾರಿಸಿ, ಬೈಯಬೇಡಿ, ಪ್ರಯಾಣಿಕ ಅವನೊಬ್ಬನೇ. ನಾಯಿ ಎತ್ತಿಕೊಂಡು ಹೋದ ಗಾರ್ಡಿನ ಡಬ್ಬಿ: ಕಾನೂನು-ಸುವ್ಯವಸ್ಥೆಯ ವಿಷಯ.

12. ಬ್ಯಾಟರಿ ಹಾಕಬಹುದೇ?

ಹಾಕಬಹುದು. ಎಂಜಿನ್ನಿನ ಹಿಂದಿನ ಬೋಗಿಯಲ್ಲಿ ಬ್ಯಾಟರಿ ಕೂರಿಸಿ, ಕೈಯಲ್ಲಿ ರೇಡಿಯೋ ಕಂಟ್ರೋಲರ್ ಹಿಡಿದರೆ ಹಳಿ ಕರೆಂಟು ಹೊರಬೇಕಾಗಿಲ್ಲ. ಕಿಲುಬು, ಕೆಮ್ಮಣ್ಣು, ಬೋರ್ಡೋ ಪೊರೆ, ಸರಿದ ಫಿಶ್‌ಪ್ಲೇಟು ಎಲ್ಲವೂ ಒಂದೇ ಏಟಿಗೆ ನಗಣ್ಯವಾಗುತ್ತವೆ. ಗ್ಯಾಸಿನಿಂದ ನೀರು ಕುದಿಸಿ ಓಡುವ ನಿಜವಾದ ಆವಿ ಎಂಜಿನ್ನುಗಳಿಗೂ ಈ ಅನುಕೂಲವಿದೆ. ಮಳೆ ಜಾಸ್ತಿ ಇರುವ ಊರಿಗೆ ಬ್ಯಾಟರಿಯೇ ಸರಿ ಎಂಬುದು ಈ ಕೈಪಿಡಿಯ ಅಭಿಪ್ರಾಯ. ಹಾಳೆ, ಬಸವನಹುಳು, ಗರಿಕೆ, ಬಿಸಿಲಿಗೆ ಬಳುಕುವ ಹಳಿ ಮಾತ್ರ ಬ್ಯಾಟರಿಗೂ ಬಗ್ಗುವುದಿಲ್ಲ. ಆದ್ದರಿಂದ ಮಾಡಲು ಕೆಲಸವೇ ಉಳಿಯದೇನೋ ಎಂಬ ಆತಂಕ ಬೇಡ.

13. ಖಾತರಿ

ಮಳೆ, ಬಿಸಿಲು, ಇಬ್ಬನಿ, ಸಿಡಿಲು, ಇರುವೆ, ಕೋಳಿ, ನೆಂಟರ ಮಕ್ಕಳು ಇವುಗಳಿಂದಾದ ಹಾನಿಗೆ ಖಾತರಿ ಅನ್ವಯಿಸುವುದಿಲ್ಲ. ಇವುಗಳನ್ನು ಬಿಟ್ಟು ಬೇರೆ ಯಾವುದರಿಂದಲೂ ಈ ರೈಲಿಗೆ ಹಾನಿಯಾದ ಉದಾಹರಣೆ ಇಲ್ಲ.

ರೈಲನ್ನು ಕುಗ್ಗಿಸಿದವರು ಅದರ ದುಡಿಮೆಯನ್ನು ಕುಗ್ಗಿಸಿಲ್ಲ. ಗ್ಯಾಂಗ್‌ಮನ್, ಕೀಮನ್, ಪಾಯಿಂಟ್ಸ್‌ಮನ್, ಲೋಕೋ ಶೆಡ್ಡಿನ ಫಿಟ್ಟರ್ ಅಷ್ಟೂ ಹುದ್ದೆಗಳು ಪೂರ್ಣ ಗಾತ್ರದಲ್ಲೇ ಉಳಿದಿವೆ, ಎಲ್ಲಕ್ಕೂ ನೀವೊಬ್ಬರೇ ಅಭ್ಯರ್ಥಿ. ಮೇಲೆ ಹೇಳಿದ ಸೂಚನೆಗಳಲ್ಲಿ ಹೆಚ್ಚಿನವನ್ನು ಮೀರಿದರೆ ರೈಲು ನಿಲ್ಲುತ್ತದೆ ಅಷ್ಟೆ, ಮತ್ತೆ ಓಡಿಸಬಹುದು. ಒಂದನ್ನು ಮಾತ್ರ ಮೀರಬೇಡಿ. ಹಳಿ ಹೊರಗಿರಲಿ, ಎಂಜಿನ್ನು ರಾತ್ರಿ ಒಳಗಿರಲಿ, ಟ್ರಾನ್ಸ್‌ಫಾರ್ಮರು ಯಾವ ನಕ್ಷತ್ರದಲ್ಲೂ ಹೊಸ್ತಿಲು ದಾಟದಿರಲಿ.